ಕಬ್ಬಿಣದ ರಂಟೆ ಹೇಳುವ ಪಾಠ

(ಸೇಡಂನಲ್ಲಿ ಯುವಕರಿಗಾಗಿ ನಡೆದ ಶರಣ ಚಿಂತನ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ಭಾಷಣಕಾರನಲ್ಲ. ಸರಕಾರದ ನೀರಾವರಿ ಕೆಲಸದಲ್ಲಿ ಎಂಜಿನಿಯರನಾಗಿ ದುಡಿದು ನಿವೃತ್ತನಾದವನು. ಎಸ್ಟಿಮೇಟ್ ಬರೆಯುವುದು, ಅಳತೆ ಪುಸ್ತಕ ತುಂಬುವುದು, ಪಂಪ್‌ಹೌಸ್‌ಗಳಿಗೆ ಅಲೆಯುವುದು ನನ್ನ ಬದುಕಾಗಿತ್ತು. ಪೂಜ್ಯರು ನನ್ನನ್ನು ಕರೆದು, "ಹುಡುಗರಿಗೆ ಒಬ್ಬ ಉದ್ಯಮಿಯ ಬದುಕಿನ ಬಗ್ಗೆ ಹೇಳಿ. ರೊಕ್ಕ ಗಳಿಸಿದ್ದನ್ನಷ್ಟೇ ಹೇಳಬೇಡಿ, ಅವರ ನಡತೆಯ ಬಗ್ಗೆಯೂ ಹೇಳಿ" ಎಂದು ಅಪ್ಪಣೆ ಮಾಡಿದರು. ಯಾರ ಬಗ್ಗೆ ಹೇಳುವುದೆಂದು ಬಹಳ ಯೋಚಿಸಬೇಕಾಗಲಿಲ್ಲ. ನನಗೆ ಅಕ್ಷರ ಕೂಡಿಸಿ ಓದಲು ಬರುತ್ತಿದ್ದ ಕಾಲದಿಂದಲೂ ಕಣ್ಣಿಗೆ ಬಿದ್ದ ಹೆಸರೊಂದಿದೆ. ಅದು ಕಿರ್ಲೋಸ್ಕರ್.

ನಮ್ಮದು ಚಿಂಚೋಳಿ ಕಡೆಯ ಒಕ್ಕಲುತನದ ಮನೆ. ಬಾವಿಯಿಂದ ಎತ್ತು ಕಟ್ಟಿ ತೊಗಲಿನ ಮೋಟದಲ್ಲಿ ನೀರು ಎಳೆಯುತ್ತಿದ್ದರು. ಒಂದು ವರ್ಷ ಪಕ್ಕದ ಹೊಲದವರು ಡೀಸೆಲ್ ಎಂಜಿನ್ ತಂದರು. ಊರಿಗೆ ಊರೇ ನೋಡಲು ಹೋಯಿತು. ಆಮೇಲೆ ನಮ್ಮ ಊರಲ್ಲಿ ಯಾರೂ ಎಂಜಿನ್ ಎನ್ನಲಿಲ್ಲ. "ಕಿರ್ಲೋಸ್ಕರ್ ಚಾಲೂ ಮಾಡು", "ಕಿರ್ಲೋಸ್ಕರ್ ಬಂದ್ ಮಾಡು" ಎನ್ನುತ್ತಿದ್ದರು. ಅದು ಯಂತ್ರದ ಹೆಸರೆಂದೇ ನಾನು ತಿಳಿದಿದ್ದೆ. ಕಾಲೇಜಿಗೆ ಹೋದ ಮೇಲೆ ಅದೊಂದು ಮನೆತನದ ಹೆಸರು, ಆ ಮನೆತನ ನಮ್ಮ ಬೆಳಗಾವಿ ಜಿಲ್ಲೆಯದೇ ಎಂದು ಗೊತ್ತಾಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಸಮಾಜದವರಲ್ಲ. ಬ್ರಾಹ್ಮಣ ಮನೆತನದವರು, ಮರಾಠಿ ಮಾತಾಡುವವರು. ವಚನಗಳನ್ನು ಓದಿ ಕಾರ್ಖಾನೆ ಕಟ್ಟಿದವರೂ ಅಲ್ಲ. ಅವರನ್ನು ಎಳೆದು ತಂದು ಶರಣರ ಸಾಲಿನಲ್ಲಿ ಕೂಡಿಸುವ ಉದ್ದೇಶ ನನಗಿಲ್ಲ. ಕಾಯಕದ ಮಾತನ್ನು ನಾವು ದಿನಾ ಆಡುತ್ತೇವೆ. ಆ ಮಾತು ಒಬ್ಬರ ನಡೆಯಲ್ಲಿ ಕಂಡರೆ ಅವರು ಯಾರೇ ಆಗಿರಲಿ, ನೋಡಿ ಕಲಿಯಬೇಕು. ಇಷ್ಟೇ ನನ್ನ ವಿಚಾರ.

ಉಳಿದದ್ದನ್ನು ಹಿಡಿದವರು

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಓದಿನಲ್ಲಿ ಮನಸ್ಸಿರಲಿಲ್ಲ. ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ ಆಸೆ ಇತ್ತು. ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ಒಂದು ಆಘಾತ ಕಾದಿತ್ತು. ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಚಿತ್ರಕಾರ ಆಗಬೇಕೆಂದು ಊರು ಬಿಟ್ಟು ಬಂದ ಹುಡುಗನಿಗೆ ಬಣ್ಣವೇ ಕಾಣದಿದ್ದರೆ ಏನು ಮಾಡಬೇಕು?

ಬಣ್ಣ ಹೋಯಿತು, ಗೆರೆ ಉಳಿದಿತ್ತು. ಅವರು ಗೆರೆ ಹಿಡಿದರು. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಕಿಲ್ಲ, ಕೈ ನೆಟ್ಟಗಿರಬೇಕು, ಲೆಕ್ಕ ಸರಿಯಿರಬೇಕು. ಆ ವಿದ್ಯೆಯಲ್ಲಿ ಪಳಗಿ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸುವ ಕೆಲಸಕ್ಕೆ ಸೇರಿದರು. ರಜೆಯ ಹೊತ್ತಿನಲ್ಲಿ ಯಂತ್ರಗಳ ನಡುವೆಯೇ ಇದ್ದು ಕೈಕೆಲಸ ಕಲಿತರು.

ಇಲ್ಲಿ ಕುಳಿತಿರುವ ಹುಡುಗರಲ್ಲಿ ನೀಟ್ ಪರೀಕ್ಷೆಯಲ್ಲಿ ಅಂಕ ಬಾರದವರು ಇರಬಹುದು, ಪಿ.ಎಸ್.ಐ. ಪರೀಕ್ಷೆಗೆ ನಾಲ್ಕು ಸಲ ಕುಳಿತು ಬಂದವರು ಇರಬಹುದು. "ನಮ್ಮದು ಮುಗೀತು" ಎಂದು ಮನೆಯಲ್ಲಿ ಮಲಗಬೇಡಿ. ಹೋದದ್ದನ್ನು ಲೆಕ್ಕ ಹಾಕುವ ಬದಲು ಕೈಯಲ್ಲಿ ಏನು ಉಳಿದಿದೆ ನೋಡಿ.

ಮುಂಬಯಿಯ ಆ ಸಂಸ್ಥೆಯಲ್ಲಿ ಅವರಿಗೆ ಸಲ್ಲಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್‌ಗೆ ಹೋಯಿತು. ಬ್ರಿಟಿಷರ ಕಾಲ, ಚರ್ಮದ ಬಣ್ಣ ನೋಡಿ ಕುರ್ಚಿ ಕೊಡುವ ಕಾಲ. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ನನ್ನ ಕಥೆ ಬೇರೆ. ನನ್ನ ಸೇವಾವಧಿಯಲ್ಲಿಯೂ ಒಂದು ಬಡ್ತಿ ತಪ್ಪಿತು. ಜ್ಯೇಷ್ಠತಾ ಪಟ್ಟಿಯನ್ನು ಕಂಕುಳಲ್ಲಿ ಹಿಡಿದು ನಾಲ್ಕು ವರ್ಷ ಅರ್ಜಿ ಬರೆದೆ, ಕಚೇರಿಯಿಂದ ಕಚೇರಿಗೆ ಅಲೆದೆ. ಆ ನಾಲ್ಕು ವರ್ಷದಲ್ಲಿ ಮನಸ್ಸಿಟ್ಟು ಮಾಡಿದ ಕೆಲಸ ಒಂದೂ ಇಲ್ಲ. ಅನ್ಯಾಯವನ್ನು ಸಹಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಅನ್ಯಾಯದ ಎಣಿಕೆಯೇ ನಮ್ಮ ಉದ್ಯೋಗವಾಗಬಾರದು. ಇದನ್ನು ನಾನು ತಡವಾಗಿ ಕಲಿತೆ.

ಸೈಕಲ್ಲಿನಿಂದ ರಂಟೆಗೆ

ಬೆಳಗಾವಿಯಲ್ಲಿ ಅಣ್ಣ ರಾಮಣ್ಣನ ಜೊತೆ ಅವರು ನಡೆಸಿದ್ದು ಸೈಕಲ್ ಅಂಗಡಿ. ಕಿರ್ಲೋಸ್ಕರ್ ಸಮೂಹ ತನ್ನ ಹುಟ್ಟನ್ನು 1888ರಿಂದ ಲೆಕ್ಕ ಹಾಕುತ್ತದೆ. ಆಗ ಸೈಕಲ್ ಎಂದರೆ ಶ್ರೀಮಂತರ ಮತ್ತು ಸಾಹೇಬರ ಸವಾರಿ. ತಮ್ಮ ಮುಂಬಯಿಯಲ್ಲಿದ್ದಾಗ ಸೈಕಲ್ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು, ಕೊಂಡವರಿಗೆ ಸವಾರಿ ಕಲಿಸುವುದು. ಮಾಲು ಮಾರಿ ಕೈ ತೊಳೆದುಕೊಳ್ಳಲಿಲ್ಲ, ಅದನ್ನು ಬಳಸಲು ಕಲಿಸಿದರು. ಈ ರೂಢಿ ಮುಂದೆ ಅವರನ್ನು ಕಾಯಿತು.

ಅಂಗಡಿಯ ಜೊತೆಗೆ ಚಿಕ್ಕ ಕಾರ್ಖಾನೆ ಬಂತು. ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ 1903ರಲ್ಲಿ ಕಬ್ಬಿಣದ ರಂಟೆ ಮಾಡಿದರು. ಯಂತ್ರವೆಲ್ಲ ವಿಲಾಯಿತಿಯಿಂದ ಬರುತ್ತಿದ್ದ ಕಾಲದಲ್ಲಿ ನಮ್ಮ ನೆಲದ ರೈತನಿಗೆ ನಮ್ಮ ನೆಲದಲ್ಲೇ ಮಾಡಿದ ರಂಟೆ ಅದು. ಕೊಳ್ಳಲು ಯಾರೂ ಬರಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ನಂಬಿದ್ದರು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಎರಡು ವರ್ಷ! ನಮ್ಮ ಹುಡುಗ ಒಂದು ಅಂಗಡಿ ಹಾಕಿ ಎರಡು ತಿಂಗಳು ಗಿರಾಕಿ ಬರದಿದ್ದರೆ ಜಾಗ ಸರಿಯಿಲ್ಲ ಎನ್ನುತ್ತಾನೆ, ಬಾಗಿಲ ದಿಕ್ಕು ಸರಿಯಿಲ್ಲ ಎಂದು ವಾಸ್ತು ಹೇಳುವವನನ್ನು ಕರೆಸುತ್ತಾನೆ. ಬಸವತತ್ವ ಒಪ್ಪಿದ ಮನೆಗಳಲ್ಲೇ ಇದು ನಡೆಯುತ್ತದೆ. ಲಕ್ಷ್ಮಣರಾಯರು ಬಾಗಿಲು ಬದಲಿಸಲಿಲ್ಲ, ರಂಟೆಯನ್ನು ಹೊಲಕ್ಕೆ ತೆಗೆದುಕೊಂಡು ಹೋಗಿ ಅದರ ಕೆಲಸ ತೋರಿಸುವ ದಾರಿ ಹಿಡಿದರು.

ರೈತರನ್ನು ಮೂಢರೆಂದು ನಗುವುದು ಸುಲಭ. ನಾನು ನಗುವುದಿಲ್ಲ. ಕಟ್ಟಿಗೆಯ ರಂಟೆ ಮುರಿದರೆ ಊರ ಬಡಿಗ ಸಂಜೆಯೊಳಗೆ ಸರಿಮಾಡಿ ಕೊಡುತ್ತಾನೆ, ಸುಗ್ಗಿಯಲ್ಲಿ ಆಯ ಕೊಟ್ಟರೆ ಸಾಕು. ಕಬ್ಬಿಣದ್ದು ಮುರಿದರೆ ಯಾರ ಬಳಿ ಹೋಗಬೇಕು? ಬಡವನಿಗೆ ಹೊಸದನ್ನು ನಂಬಿ ಒಂದು ಹಂಗಾಮು ಕಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ನೀರಾವರಿ ಯೋಜನೆಗಳಲ್ಲಿ ಈ ಅನುಮಾನವನ್ನು ನಾನೂ ಎದುರಿಸಿದ್ದೇನೆ. ಅದನ್ನು ಭಾಷಣದಿಂದ ತೆಗೆಯಲು ಆಗುವುದಿಲ್ಲ. ನೆಟ್ಟಗೆ ನಡೆಯುವ ಒಂದು ಯಂತ್ರ, ಕೆಟ್ಟಾಗ ಬಂದು ನಿಲ್ಲುವ ಒಬ್ಬ ಮನುಷ್ಯ, ಇವೆರಡಿದ್ದರೆ ಅನುಮಾನ ತಾನೇ ಹೋಗುತ್ತದೆ.

ಕಳ್ಳಿ ಬೆಳೆದ ನೆಲ

ರಂಟೆಗೆ ಗಿರಾಕಿ ಸಿಕ್ಕು ಕಾರ್ಖಾನೆ ಕುದುರಿಕೊಳ್ಳುವ ಹೊತ್ತಿಗೆ ಮತ್ತೊಂದು ಪೆಟ್ಟು ಬಿತ್ತು. ಬೆಳಗಾವಿಯಲ್ಲಿ ಅವರ ಕಾರ್ಖಾನೆ ಇದ್ದ ಜಾಗ ಊರಿನ ಹೊಸ ಬಡಾವಣೆಗೆ ಬೇಕಾಯಿತು. ಜಾಗ ಖಾಲಿ ಮಾಡಬೇಕಾಯಿತು. ಆಗ ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಅವರನ್ನು ಕರೆದರು. ಆ ರಾಜರು ಸ್ವತಃ ಚಿತ್ರಕಾರರು, ಲಕ್ಷ್ಮಣರಾಯರ ಕೆಲಸವನ್ನು ಮೊದಲೇ ಕಂಡವರು. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ನೆಲ ಕೊಟ್ಟರು, ಹಣವನ್ನೂ ಕಡವಾಗಿ ಕೊಟ್ಟರು.

1910ರಲ್ಲಿ ಅಲ್ಲಿ ಹೋಗಿ ನೋಡಿದರೆ ನೀರಿಲ್ಲದ ಬಂಜರು, ಎಲ್ಲೆಲ್ಲೂ ಪಾಪಾಸುಕಳ್ಳಿ, ಹಾವುಗಳ ಹುತ್ತ. ಕೈಯಲ್ಲಿದ್ದ ಕೆಲವೇ ಕೆಲಸಗಾರರು ತಮ್ಮ ಮನೆ ಮಂದಿಯೊಂದಿಗೆ ಬಂದು ಕಳ್ಳಿ ಕಡಿದು ಕಾರ್ಖಾನೆ ಎಬ್ಬಿಸಿದರು. ಜೊತೆಗೆ ಮನೆಗಳನ್ನೂ ಕಟ್ಟಿದರು. ಈಗ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಹೀಗೆ ಹುಟ್ಟಿತು. ಮಗ ಶಂತನುರಾವ್ ಕಿರ್ಲೋಸ್ಕರರು ಮುಂದೆ ಇಂಗ್ಲಿಷಿನಲ್ಲಿ ತಮ್ಮ ಆತ್ಮಕಥೆ ಬರೆದಾಗ ಹೆಸರಿನಲ್ಲೇ ಕಳ್ಳಿಯನ್ನೂ ಗುಲಾಬಿಯನ್ನೂ ಸೇರಿಸಿದರು.

ಲಕ್ಷ್ಮಣರಾಯರಿಗೆ ಆ ದಿನ ಅಡವಿಡಲು ಆಸ್ತಿ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಹಿಂದೆ ಮಾಡಿದ್ದ ಕೆಲಸದ ಮೇಲಿನ ನಂಬಿಕೆ. ನಮ್ಮ ಹುಡುಗರು "ಬಂಡವಾಳ ಇಲ್ಲರೀ" ಎನ್ನುತ್ತಾರೆ. ನಂಬಿಕೆಯೂ ಒಂದು ಬಂಡವಾಳ. ಅದನ್ನು ಗಳಿಸುವುದು ಹುಡುಗರ ಕೆಲಸ. ಅಂಥ ಹುಡುಗ ಎದುರಿಗೆ ಬಂದು ನಿಂತಾಗ ಅವನನ್ನು ನಂಬುವುದು ಹಿರಿಯರ ಕೆಲಸ. ಎರಡನೆಯದರಲ್ಲಿ ನಾನು ಸೋತೆ. ಆ ಮಾತಿಗೆ ಈಗ ಬರುತ್ತೇನೆ.

ಕಿಟಕಿಯ ಮೇಲಿನ ಲೋಟ

ಕಿರ್ಲೋಸ್ಕರವಾಡಿಯಲ್ಲಿ ಲಕ್ಷ್ಮಣರಾಯರು ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ. ಆ ಊರಿನಲ್ಲಿ ಇರಬೇಕಾದರೆ ಮುಟ್ಟು-ಮಡಿಯ ಭೇದ ಹೊರಗೆ ಬಿಟ್ಟು ಬರಬೇಕಿತ್ತು. 1910ರ ಸುಮಾರಿನಲ್ಲಿ, ಅದೂ ಒಬ್ಬ ಬ್ರಾಹ್ಮಣ ಮಾಲೀಕ ಹೀಗೆ ಮಾಡುವುದೆಂದರೆ ಎಷ್ಟು ಜನರ ಸಿಟ್ಟು ಕಟ್ಟಿಕೊಂಡಿರಬೇಕು ಯೋಚಿಸಿ. ಜೈಲುಶಿಕ್ಷೆ ಮುಗಿಸಿ ಬಂದವರನ್ನು ರಾತ್ರಿ ಕಾವಲಿಗೆ ಇಟ್ಟರು. ಕಳ್ಳನೆಂದು ಊರು ಕರೆದವನ ಕೈಗೇ ಕಾರ್ಖಾನೆಯ ಕಾವಲು ಕೊಟ್ಟರು.

ಇದನ್ನು ಓದಿದಾಗಲೆಲ್ಲ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ಅವನ ಹೆಸರು ಹೇಳುವುದಿಲ್ಲ, ಅವನ ಅಪ್ಪಣೆ ಕೇಳಿಲ್ಲ.

ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿತ್ತು. ನಮ್ಮ ಈ ಭಾಗದಲ್ಲೇ ನದಿ ದಂಡೆಯ ಒಂದು ಏತ ನೀರಾವರಿ ಪಂಪ್‌ಹೌಸ್ ನನ್ನ ಸುಪರ್ದಿನಲ್ಲಿತ್ತು. ಪಂಪು ನೀರು ಎತ್ತುತ್ತಿರಲಿಲ್ಲ. ಮೋಟರ್ ತಿರುಗುತ್ತದೆ, ಸದ್ದು ಮಾಡುತ್ತದೆ, ನೀರು ಸ್ವಲ್ಪ ಬಂದು ನಿಲ್ಲುತ್ತದೆ. ಕೆಳಗೆ ಜೋಳ ಒಣಗುತ್ತಿತ್ತು. ನಾನು ಪದವೀಧರ. ಇಂಪೆಲ್ಲರ್ ಸವೆದಿದೆ ಎಂದು ತೀರ್ಮಾನಿಸಿ ಪಂಪನ್ನೇ ಬದಲಿಸಲು ಎಸ್ಟಿಮೇಟ್ ಬರೆದೆ. ಅಲ್ಲಿ ದಿನಗೂಲಿಯ ಮೇಲೆ ಒಬ್ಬ ಹೆಲ್ಪರ್ ಹುಡುಗನಿದ್ದ. ಏಳನೆಯ ತರಗತಿ ಓದಿದವನು, ದಲಿತರ ಕೇರಿಯವನು. ಅವನು ಹೆದರುತ್ತಲೇ, "ಸಾಹೇಬ್ರ, ಒಂದು ಊದಿನಕಡ್ಡಿ ಹಚ್ಚಿ ನೋಡ್ಲೇನ್ರಿ?" ಎಂದ.

ನದಿಯಿಂದ ನೀರು ಎಳೆಯುವ ಕೊಳವೆಯಲ್ಲಿ ಕೂದಲಿನಷ್ಟು ಬಿರುಕಿದ್ದರೂ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ನುಗ್ಗಿದರೆ ಪಂಪು ನೀರು ಹಿಡಿಯುವುದಿಲ್ಲ. ಪಂಪು ಎಳೆಯುತ್ತದೆ ಎನ್ನುತ್ತೇವೆ, ನಿಜವಾಗಿ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುವುದು. ಲೆಕ್ಕದಲ್ಲಿ ಅದು 10 ಮೀಟರಿನ ಆಸುಪಾಸು, ನಡೆಯುವುದು 6-7 ಮೀಟರ್ ಮಾತ್ರ. ಹಾಗಾಗಿ ಚಿಕ್ಕ ಸೋರಿಕೆಯೂ ಕೆಲಸ ಕೆಡಿಸುತ್ತದೆ. ಇದೆಲ್ಲ ನನ್ನ ಪಠ್ಯಪುಸ್ತಕದಲ್ಲಿತ್ತು. ಹುಡುಗ ಪಂಪು ಚಾಲೂ ಮಾಡಿಸಿ, ಉರಿಯುವ ಊದಿನಕಡ್ಡಿಯನ್ನು ಕೊಳವೆಯ ಒಂದೊಂದು ಜೋಡಣೆಯ ಹತ್ತಿರವೂ ಹಿಡಿದ. ಒಂದು ಕಡೆ ಹೊಗೆ ಒಳಗೆ ಸರಿಯಿತು. ಅಲ್ಲಿಯ ಬೋಲ್ಟ್ ಬಿಚ್ಚಿ, ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ ಹಾಕಿ ಬಿಗಿದ. ಒಂದು ತಾಸಿನಲ್ಲಿ ಕಾಲುವೆಗೆ ನೀರು ಬಂತು. ನನ್ನ ಎಸ್ಟಿಮೇಟನ್ನು ನಾನೇ ಹರಿದೆ.

ಸಂಜೆ ಕ್ಯಾಂಪಿನಲ್ಲಿ ಎಲ್ಲರಿಗೂ ಚಹಾ ಬಂತು. ಅವನ ಚಹಾ ಬಂದದ್ದು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೇರೆ ಇಟ್ಟಿದ್ದ ಲೋಟದಲ್ಲಿ. ಅಡುಗೆಯವನು ಮೇಲಿನಿಂದ ಸುರಿದ. ಹುಡುಗ ಕುಡಿದು, ತಾನೇ ತೊಳೆದು, ಮತ್ತೆ ಅಲ್ಲೇ ಬೋರಲು ಹಾಕಿದ. ನಾನು ನೋಡಿದೆ. ಕೊರಳಲ್ಲಿ ಇಷ್ಟಲಿಂಗವಿತ್ತು. ಬೆಳಿಗ್ಗೆ ಪೂಜೆ ಮಾಡಿಕೊಂಡೇ ಹೊರಟಿದ್ದೆ. ಆ ಲೋಟ ಒಳಗೆ ತಾ ಎಂದು ಹೇಳಲು ನನಗೆ ಯಾರ ಮಂಜೂರಾತಿಯೂ ಬೇಕಿರಲಿಲ್ಲ. ಅಲ್ಲಿ ನಾನೇ ಸಾಹೇಬ. ಆದರೂ ಹೇಳಲಿಲ್ಲ. ಹೊಸ ಜಾಗ, ಯಾಕೆ ಗದ್ದಲ ಎಂದುಕೊಂಡೆ.

ಮುಂದೊಂದು ದಿನ ಅವನು ಬಂದು, "ಸಾಹೇಬ್ರ, ಮೋಟರ್ ರಿಪೇರಿ ಅಂಗಡಿ ಹಾಕ್ಬೇಕಂತ ಮಾಡೀನ್ರಿ. ಸಾಲಕ್ಕ ಜಾಮೀನ್ ಕೇಳ್ತಾರ್ರಿ. ನೀವು ನಿಂದರ್ತೀರೇನ್ರಿ?" ಎಂದು ಕೇಳಿದ. ಸಾಲದ ಮೊತ್ತ ನನ್ನ ಎರಡು ತಿಂಗಳ ಸಂಬಳದಷ್ಟೂ ಇರಲಿಲ್ಲ. ನಾನು, "ಅಂಗಡಿ ಗಿಂಗಡಿ ಯಾಕೋ, ಇಲ್ಲೇ ಇರು. ಖಾಯಂ ಆಗ್ತೀ" ಎಂದೆ. ಅವನು ಖಾಯಂ ಆಗಲಿಲ್ಲ. ಎರಡು ವರ್ಷದ ಮೇಲೆ ದಿನಗೂಲಿಯವರನ್ನು ತೆಗೆದುಹಾಕಿದಾಗ ಅವನೂ ಹೋದ. ಆಗ ನಾನು ಬೇರೆ ಊರಿಗೆ ವರ್ಗವಾಗಿದ್ದೆ.

ಶರಣ ಬಂಧುಗಳೇ, ಔಂಧ್‌ನ ರಾಜರು ಮಾಡಿದ್ದನ್ನು ಚಿಕ್ಕ ಪ್ರಮಾಣದಲ್ಲಿ ಮಾಡುವ ಅವಕಾಶ ನನಗಿತ್ತು. ನಾನು ಮಾಡಲಿಲ್ಲ. ಕಿರ್ಲೋಸ್ಕರವಾಡಿಯಲ್ಲಿ ನಡೆದದ್ದನ್ನು ಒಂದು ಲೋಟದ ಮಟ್ಟಿಗಾದರೂ ನಡೆಸಬಹುದಿತ್ತು. ಅದೂ ಮಾಡಲಿಲ್ಲ. ಕಾಯಕದ ಮೇಲೆ ವರ್ಷಕ್ಕೆ ಹತ್ತು ಭಾಷಣ ಕೇಳುತ್ತಿದ್ದೆ.

ಬೆಂಕಿ ಬಿದ್ದ ಮೇಲೆ

ಲಕ್ಷ್ಮಣರಾಯರ ಬದುಕಿನ ಇನ್ನೊಂದು ಘಟನೆ ಹೇಳಲೇಬೇಕು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಕೊಂದವನ ಜಾತಿ ಹಿಡಿದು ಪಶ್ಚಿಮ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆ, ಅಂಗಡಿಗಳ ಮೇಲೆ ಗುಂಪುಗಳು ಬಿದ್ದವು. ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿತ್ತು. ಜಾತಿಭೇದವನ್ನು ಅಂಗಳದಿಂದ ಹೊರಗೆ ಹಾಕಿದ ಮನುಷ್ಯನ ಕಾರ್ಖಾನೆಯನ್ನು ಜಾತಿಯ ಸಿಟ್ಟೇ ಸುಟ್ಟಿತು. ಅವರಿಗೆ ಆಗ 78 ವರ್ಷ.

ಇದು ನಮಗೆ ಅರ್ಥವಾಗದ ಕಥೆಯಲ್ಲ. ನಮ್ಮ ಪಕ್ಕದ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮನೆಗಳ ನಡುವೆ ಮದುವೆಯಾದಾಗ ಏನಾಯಿತೆಂದು ನಾವು ಬಲ್ಲೆವು. ಜಾತಿಯ ಬೆಂಕಿ ಯಾವ ಕಡೆಯಿಂದ ಹೊತ್ತಿದರೂ ಸುಡುವುದು ಕಟ್ಟಿದವರನ್ನೇ. ಎದುರು ಜಾತಿಯವರ ಮನೆ ಉರಿಯುವಾಗ ಸುಮ್ಮನಿರುವವರು ಇದನ್ನು ನೆನಪಿಡಬೇಕು.

ಕಾರ್ಖಾನೆ ಮತ್ತೆ ಎದ್ದಿತು. ಕಿರ್ಲೋಸ್ಕರವಾಡಿಯಲ್ಲಿ ಇಂದಿಗೂ ಪಂಪುಗಳು ತಯಾರಾಗುತ್ತಿವೆ. ಲಕ್ಷ್ಮಣರಾಯರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಅಷ್ಟರಲ್ಲಿ 1941ರಲ್ಲಿ ನಮ್ಮ ಹರಿಹರದಲ್ಲಿ ಲೇಥ್ ಮಾಡುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ, ಅದೇ ವರ್ಷ ಬೆಂಗಳೂರಿನಲ್ಲಿ ವಿದ್ಯುತ್ ಮೋಟರಿನ ಕಾರ್ಖಾನೆ ಬಂದಿದ್ದವು. ಅದೇ ವಾಡಿಯಿಂದ 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆ, 1930ರಲ್ಲಿ ಹೆಣ್ಣುಮಕ್ಕಳಿಗಾಗಿ 'ಸ್ತ್ರೀ' ಪತ್ರಿಕೆ ಹೊರಟವು. ಕಬ್ಬಿಣ ಎರಕ ಹೊಯ್ಯುವ ಜಾಗದಿಂದ ಸುಧಾರಣೆಯ ವಿಚಾರವೂ ಹೊರಟಿತು.

ಎಲ್ಲವೂ ಶಾಶ್ವತವಾಗಿ ಉಳಿಯಿತೆಂದಲ್ಲ. ಹರಿಹರದ ಆ ದೊಡ್ಡ ಕಾರ್ಖಾನೆ ಮುಂದೆ ಮುಚ್ಚಿತು. ಎಷ್ಟೋ ಮನೆಗಳು ಅನ್ನ ಕಳೆದುಕೊಂಡವು. ಒಬ್ಬ ಹಿರಿಯನ ಗುಣ ಅವನ ಹೆಸರಿನ ಕಂಪನಿಗೆ ತಾನಾಗಿ ಬರುವುದಿಲ್ಲ. ಹಾಗೆಯೇ ಬಸವಣ್ಣನವರ ಹೆಸರು ಹೇಳಿದ ಮಾತ್ರಕ್ಕೆ ಅವರ ಗುಣ ನಮಗೆ ಬರುವುದಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ಗೊತ್ತು. ನಮ್ಮ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಒಯ್ಯಲು ಹೇಳಿದಳು. ಈ ಅಳತೆಗೋಲಿನಿಂದ ಅಳೆದರೆ ಯಾವ ಉದ್ಯಮಿಯೂ ಪೂರ್ತಿ ಗೆಲ್ಲುವುದಿಲ್ಲ, ಲಕ್ಷ್ಮಣರಾಯರೂ ಗೆಲ್ಲುವುದಿಲ್ಲ. ಉದ್ಯಮ ಲಾಭದ ಮೇಲೆ ನಿಲ್ಲುತ್ತದೆ, ಮನೆತನದ ಕೈಯಲ್ಲಿ ಉಳಿಯುತ್ತದೆ. ಕಾಯಕ ಮತ್ತು ದಾಸೋಹ ಅದಕ್ಕಿಂತ ದೊಡ್ಡ ಮಾತು. ಆದರೆ ದೊಡ್ಡ ಮಾತನ್ನು ಬಾಯಲ್ಲಿ ಇಟ್ಟುಕೊಂಡು, ಸಣ್ಣ ಕೆಲಸವನ್ನೂ ಮಾಡದಿದ್ದರೆ ಲಕ್ಕಮ್ಮನ ಮುಂದೆ ನಾವು ಹೇಗೆ ನಿಲ್ಲಬೇಕು?

ನಮ್ಮ ಐದು ಊರುಗಳಲ್ಲಿ

ಈಗ ನಮ್ಮ ನೆಲಕ್ಕೆ ಬರೋಣ. ನಮ್ಮ ಕಾಲಡಿ ಸುಣ್ಣದ ಕಲ್ಲಿದೆ. ಒಂದು ಟನ್ ಕ್ಲಿಂಕರ್ ಸುಡಲು ಸುಮಾರು 1.5 ಟನ್ ಸುಣ್ಣದ ಕಲ್ಲು ಬೇಕು. ಹಾಗಾಗಿ ಕಾರ್ಖಾನೆಗಳು ಕಲ್ಲಿದ್ದಲ್ಲಿಗೆ ಬಂದವು. ಶಹಾಬಾದಿನಲ್ಲಿ ಬಂತು, ವಾಡಿಯಲ್ಲಿ 1968ರಲ್ಲಿ ಎ.ಸಿ.ಸಿ. ಬಂತು, ಮುಂದೆ ಮಳಖೇಡ ಮತ್ತು ಸೇಡಂನಲ್ಲೂ ಬಂದವು. ಶಹಾಬಾದ್ ಕಾರ್ಖಾನೆಯ ಸದ್ದು ನಿಂತದ್ದನ್ನೂ ನಾವು ಕಂಡಿದ್ದೇವೆ. ನಮ್ಮ ಪರಸಿ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಲ್ಲು ನಮ್ಮದು, ತೊಗರಿ ನಮ್ಮದು. ನಮ್ಮ ಹುಡುಗ ಮಾತ್ರ ಕಾರ್ಖಾನೆಯ ಗೇಟಿನ ಮುಂದೆ ಗುತ್ತಿಗೆದಾರನ ಕರೆಗೆ ಕಾಯುತ್ತಾನೆ, ಇಲ್ಲವೇ ಪುಣೆ, ಹೈದರಾಬಾದಿನ ರೈಲು ಹತ್ತುತ್ತಾನೆ. ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ನಿಂತು ನೋಡಿ, ಚೀಲ ಹೊತ್ತ ನಮ್ಮ ಮಕ್ಕಳು ಎಷ್ಟು ಮಂದಿ ಹೋಗುತ್ತಾರೆಂದು.

ಎಲ್ಲರೂ ಕಾರ್ಖಾನೆ ಕಟ್ಟಿ ಎಂದು ನಾನು ಹೇಳುವುದಿಲ್ಲ. ಲಕ್ಷ್ಮಣರಾಯರೂ ಸೈಕಲ್ ಅಂಗಡಿಯಿಂದ ಹೊರಟವರು. ಸಾವಿರಾರು ಬೋರ್‌ವೆಲ್‌ಗಳಿರುವ ನಾಡಿನಲ್ಲಿ ಮೋಟರ್ ವೈಂಡಿಂಗ್ ಬಲ್ಲವನಿಗಾಗಿ ರೈತ ವಾರಗಟ್ಟಲೆ ಕಾಯುತ್ತಾನೆ. ಕಲ್ಲು ಪಾಲಿಶ್ ಮಾಡುವ ಯಂತ್ರ ಕೆಟ್ಟರೆ ಬಿಡಿಭಾಗ ದೂರದ ಊರಿನಿಂದ ಬರಬೇಕು. ತೊಗರಿ ಮಾರಿ ಅದೇ ತೊಗರಿಯ ಬೇಳೆಯನ್ನು ಅಂಗಡಿಯಲ್ಲಿ ಕೊಳ್ಳುತ್ತೇವೆ. ಇವೆಲ್ಲ ಕಾಯಕಕ್ಕೆ ಕಾದಿರುವ ಜಾಗಗಳು.

ಪೂಜ್ಯರಲ್ಲಿ ಮತ್ತು ಹಿರಿಯರಲ್ಲಿ ಮೂರು ಬಿನ್ನಹ. ಮೊದಲನೆಯದು, ನಮ್ಮ ಮಠಗಳು ಉಚಿತ ಪ್ರಸಾದ ನಿಲಯ ಕಟ್ಟಿ ನಾಡಿಗೆ ಅಕ್ಷರ ಕೊಟ್ಟವು. ಈಗ ಪ್ರತಿ ಮಠದ ಒಂದು ಕೋಣೆಯನ್ನು ಹತಾರಗಳಿಗೆ ಕೊಡಿ. ಒಂದು ಡ್ರಿಲ್, ಒಂದು ವೆಲ್ಡಿಂಗ್ ಯಂತ್ರ, ವೈಂಡಿಂಗ್ ಯಂತ್ರ ಇದ್ದರೆ ಸಾಕು. ಎರಡನೆಯದು, ಪಿಂಚಣಿ ಬರುವ ನಮ್ಮಂಥವರು ಒಬ್ಬೊಬ್ಬರೂ ಒಬ್ಬ ಹುಡುಗನ ಅಥವಾ ಹುಡುಗಿಯ ಸಾಲಕ್ಕೆ ಜಾಮೀನು ನಿಲ್ಲೋಣ. ಅವರು ನಮ್ಮ ಸಮಾಜದವರೇ ಆಗಬೇಕೆಂಬ ಶರತ್ತು ಬೇಡ. ಮೂರನೆಯದು, ಮನೆ, ಹೊಲ, ಕ್ಯಾಂಪು, ಮಠ ಎಲ್ಲೇ ಇರಲಿ, ಕಿಟಕಿಯ ಮೇಲೆ ಬೇರೆ ಲೋಟ ಕಂಡರೆ ಅದನ್ನು ಒಳಗೆ ತನ್ನಿ. ಆ ದಿನವೇ ತನ್ನಿ. ನನ್ನ ಹಾಗೆ ನಿವೃತ್ತಿಯವರೆಗೆ ಕಾಯಬೇಡಿ.

ಕೊನೆಗೊಂದು ಮಾತು. ನಿವೃತ್ತನಾದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಈಗ ಅವನೂ ಐವತ್ತು ದಾಟಿದವನು. ಯಾರ ಜಾಮೀನೂ ಇಲ್ಲದೆ, ಹೆಂಡತಿಯ ಒಡವೆ ಒತ್ತೆಯಿಟ್ಟು ಚಿತ್ತಾಪುರ ರಸ್ತೆಯಲ್ಲಿ ವೈಂಡಿಂಗ್ ಅಂಗಡಿ ಹಾಕಿದ್ದಾನೆ. ಕೈಕೆಳಗೆ ಮೂವರು ಹುಡುಗರು, ಅವರಲ್ಲಿ ಒಬ್ಬ ನಮ್ಮ ಸಮಾಜದವನೇ. ನನ್ನನ್ನು ಗುರುತಿಸಿ ಕುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ. ಎಲ್ಲರಿಗೂ ಒಂದೇ ಥರದ ಲೋಟ. ನಾನು ಆ ಸಂಜೆಯ ಮಾತು ತೆಗೆದು, "ತಪ್ಪಾಯಿತಪ್ಪಾ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮರ್ತಿಲ್ರಿ ಸಾಹೇಬ್ರ. ಮರ್ತೀನಂದ್ರ ಸುಳ್ಳಾಗ್ತದ. ಈಗ ಬಂದೀರಲ್ಲ, ಒಂದು ಕೆಲಸ ಮಾಡ್ರಿ. ಈ ಹುಡುಗರಿಗಿ ಡ್ರಾಯಿಂಗ್ ಓದಾದು ಬರಂಗಿಲ್ಲ. ವಾರಕ್ಕ ಎರಡು ದಿನ ಬಂದು ಕಲಸ್ರಿ" ಎಂದ.

ಈಗ ಮಂಗಳವಾರ, ಶುಕ್ರವಾರ ಅಲ್ಲಿ ಹೋಗಿ ಕೂಡುತ್ತೇನೆ. ಗೆರೆ ಎಳೆಯುವುದು, ಅಳತೆ ಓದುವುದು ಕಲಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಕಲಿಯುವ ಮನಸ್ಸಿದ್ದರೆ ಬನ್ನಿ, ಶುಲ್ಕವಿಲ್ಲ. ಪೆನ್ಸಿಲ್ ನೀವು ತನ್ನಿ, ಚಹಾ ಅಂಗಡಿಯವರದು.